ಸಿಡಿಲು ಬಡಿಯದ ಡಿಸ್ಕ್

ಔರಾದದಿಂದ ಫೋನು ಬಂದಾಗ ಸಿದ್ದೇಶ್ವರಿ ಬೀದರಿನ ಒಂದು ಔಷಧಿ ಅಂಗಡಿಯ ಅಟ್ಟದ ಮೇಲೆ ಕೂತು, ಇಲಿ ಕಡಿದ ನೆಟ್‌ವರ್ಕ್ ತಂತಿಯನ್ನು ಜೋಡಿಸುತ್ತಿದ್ದಳು. ಬಾಯಲ್ಲಿ ಟಾರ್ಚು ಕಚ್ಚಿಕೊಂಡಿದ್ದಳು. ಪರದೆಯ ಮೇಲೆ ಮೂಡಿದ ಹೆಸರು ನೋಡಿ ಟಾರ್ಚನ್ನು ಕೈಗೆ ತೆಗೆದುಕೊಂಡಳು. ‘ಮನ್ಮಥಪ್ಪ ಪ್ರೆಸ್ ಔರಾದ’. ಏಳು ವರ್ಷಗಳಿಂದ ಆ ಹೆಸರು ಅವಳ ಫೋನಿನಲ್ಲಿತ್ತು. ಒಂದು ಸಲವೂ ಮೂಡಿರಲಿಲ್ಲ.

“ಅಕ್ಕಾ, ನಾ ಐಶ್ವರ್ಯಾ ಮಾತಾಡ್ತೇನಿ. ಮನ್ಮಥಪ್ಪನವರ ಸೊಸಿ,” ಎಂದಿತು ಒಂದು ಹೆಣ್ಣು ದನಿ. “ನಮ್ಮ ಸ್ಟೋರೇಜ್ ಡಬ್ಬಿ ಮುಂಜಾನಿಂದ ಬೀಪ್ ಬೀಪ್ ಅನ್ಲಿಕತ್ಯಾದ್ರಿ. ಕೆಂಪು ದೀಪ ಹತ್ಯಾವ. ಒಂದೂ ಫೈಲ್ ತೆರಿವಲ್ದು. ಡಬ್ಬಿ ಮಾರಿದವ್ರಿಗಿ ಕೇಳಿದ್ರ, ರೀಬಿಲ್ಡ್ ಅಂತ ಒಂದು ಬಟನ್ ಅದ, ಒತ್ರಿ ಅಂದ್ರು. ಮಾವ ಬ್ಯಾಡ ಅಂದ್ರು. ಮೊದಲ ಸಿದ್ದೇಶ್ವರಿ ಅವ್ರಿಗಿ ಕೇಳು ಅಂದ್ರು.”

“ಒತ್ತಿಲ್ಲಲ್ಲ?”

“ಇಲ್ರಿ. ಮೌಸಿನ ಮ್ಯಾಲ ಕೈ ಇಟಗೊಂಡೇ ಮಾತಾಡ್ಲಿಕತ್ತೀನಿ.”

“ಕೈ ತಗಿ ತಂಗಿ. ಏನೂ ಮುಟ್ಟಬ್ಯಾಡ. ನಾಳಿ ಮುಂಜಾನಿ ಬರ್ತೇನಿ.”

ಸಿದ್ದೇಶ್ವರಿಯ ಮನೆ ಭಾಲ್ಕಿಯಲ್ಲಿ. ಗಂಡ ಸತೀಶಕುಮಾರ ಅಲ್ಲಿನ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ಬೀದರಿನ ಉದಗೀರ ರಸ್ತೆಯಲ್ಲಿ ಅವಳೂ ಪಾಲುದಾರ ಕಲೀಮನೂ ಸೇರಿ ಕಂಪ್ಯೂಟರ್ ರಿಪೇರಿಯ ಒಂದು ಅಂಗಡಿ ಇಟ್ಟುಕೊಂಡಿದ್ದರು. ದಾಲ್ ಮಿಲ್ಲು, ರಕ್ತ ಪರೀಕ್ಷೆಯ ಲ್ಯಾಬು, ಖಾಸಗಿ ಶಾಲೆ, ಟ್ರ್ಯಾಕ್ಟರ್ ಶೋರೂಮು, ಎಲ್ಲಿ ನಾಲ್ಕು ಕಂಪ್ಯೂಟರುಗಳು ಒಂದಕ್ಕೊಂದು ಮಾತು ಬಿಟ್ಟಿದ್ದರೂ ಇವರಿಗೆ ಕರೆ ಬರುತ್ತಿತ್ತು. ಬೀದರ್ ಊರಿನ ಕೆಲಸ ಕಲೀಮನದು, ಭಾಲ್ಕಿ ಮತ್ತು ಔರಾದದ ಕಡೆಯದು ಇವಳದು. ಆದರೆ ಮನ್ಮಥಪ್ಪನವರ ಪ್ರೆಸ್ಸು ಮಾತ್ರ ಯಾರ ಪಟ್ಟಿಯಲ್ಲೂ ಇರಲಿಲ್ಲ.

ಸಂಜೆ ಅಂಗಡಿಗೆ ಬಂದು ಹೇಳಿದಾಗ ಕಲೀಮ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ. ಅವನಿಗೆ ಹಳೆಯ ಸಂಗತಿ ಗೊತ್ತಿತ್ತು.

“ಬೇಕಾದ್ರ ನಾ ಹೋಗಿ ಬರ್ತೇನಿ ಅಕ್ಕಾ,” ಅಂದ.

“ಬ್ಯಾಡ. ನಾನೇ ಹೋಗ್ತೇನಿ. ನನ್ನ ಹೆಸರು ಹೇಳಿ ಕರೆಶ್ಯಾರ.”

ಹಳೆಯ ಸಂಗತಿ ಇಷ್ಟು. ಏಳು ವರ್ಷದ ಹಿಂದೆ ಸಿದ್ದೇಶ್ವರಿ ಬೇರೊಬ್ಬರ ಕೈಕೆಳಗಿನ ಕೆಲಸ ಬಿಟ್ಟು ಸ್ವಂತಕ್ಕೆ ಶುರು ಮಾಡಿದ್ದಳು. ಮನ್ಮಥಪ್ಪನವರು ಅವಳ ಮೂರನೆಯ ಗಿರಾಕಿ. ಅವರ ಪ್ರೆಸ್ಸಿನಲ್ಲಿ ಕನ್ನಡ, ಮರಾಠಿ, ತೆಲುಗು, ಉರ್ದು ನಾಲ್ಕೂ ಭಾಷೆಯ ಮದುವೆ ಪತ್ರಿಕೆ ಅಚ್ಚಾಗುತ್ತಿದ್ದವು. ಹಳೆಯ ಕಂಪ್ಯೂಟರಿನ ಡಿಸ್ಕು ಸಣ್ಣದಾಯಿತು ಎಂದು ದೊಡ್ಡದೊಂದು ತರಿಸಿದ್ದರು. ಹಳೆಯದರಲ್ಲಿದ್ದುದನ್ನು ಹೊಸದಕ್ಕೆ ಇಳಿಸಬೇಕಿತ್ತು. ಅವಳು ಆತುರದಲ್ಲಿ ಖಾಲಿ ಡಿಸ್ಕನ್ನು ಅಸಲು ಎಂದೂ ತುಂಬಿದ ಡಿಸ್ಕನ್ನು ನಕಲು ಎಂದೂ ಆರಿಸಿ ಗುಂಡಿ ಒತ್ತಿಬಿಟ್ಟಳು. ಹತ್ತು ವರ್ಷದ ಕೆಲಸದ ಮೇಲೆ ಏನೂ ಇಲ್ಲದ್ದು ಹರಡಿಕೊಂಡು ಎಲ್ಲ ಅಳಿಸಿಹೋಯಿತು. ತಿಳಿದ ಕೂಡಲೇ ಅವಳು ಮನ್ಮಥಪ್ಪನವರ ಮುಂದೆ ನಿಂತು, “ಕಾಕಾ, ತಪ್ಪು ನಂದು. ಎಲ್ಲಾ ಹೋಯ್ತು,” ಅಂದಿದ್ದಳು. ಅವರು, “ಆಯ್ತವ್ವಾ, ನೀ ಬಸ್ಸಿಗಿ ಹೋಗು, ಹೊತ್ತಾಗ್ತದ,” ಎಂದಿದ್ದರು. ಬೈದಿರಲಿಲ್ಲ. ಮತ್ತೆ ಕರೆಯಲೂ ಇಲ್ಲ. ಆಮೇಲೆ ಬೇರೆ ಗಿರಾಕಿಗಳಿಗಾಗಿ ಔರಾದಕ್ಕೆ ಹೋದಾಗೆಲ್ಲ ಅವಳು ಪ್ರೆಸ್ಸಿನ ಬೀದಿ ತಪ್ಪಿಸಿ, ಸುತ್ತು ಹಾಕಿ ಹೋಗುತ್ತಿದ್ದಳು.

ಮರುದಿನ ಏಳೂವರೆಯ ಬಸ್ಸು ಹಿಡಿದಳು. ಚೀಲದಲ್ಲಿ ಲ್ಯಾಪ್‌ಟಾಪು, ಡಿಸ್ಕುಗಳನ್ನು ಸಿಕ್ಕಿಸಿ ಓದುವ ಡಾಕು, ಎರಡು ಹೊಸ ಡಿಸ್ಕು, ಒಂದು ಸಣ್ಣ ಫ್ಯಾನು. ಏಪ್ರಿಲ್ ತಿಂಗಳು. ಸಂತಪುರ ದಾಟುವಷ್ಟರಲ್ಲಿ ಕಿಟಕಿಯ ಸರಳು ಕೈಗೆ ಸುಡುತ್ತಿತ್ತು.

ಪ್ರೆಸ್ಸು ಹಾಗೇ ಇತ್ತು. ಮುಂದೆ ಗಿರಾಕಿಗಳ ಬೆಂಚು, ಒಳಗೆ ಎರಡು ಕಂಪ್ಯೂಟರು, ಅದರಾಚೆ ಅಚ್ಚಿನ ಯಂತ್ರ ಮತ್ತು ಕಾಗದ ಕತ್ತರಿಸುವ ಯಂತ್ರ. ಹಿಂದಿನ ಓಣಿ ದಾಟಿದರೆ ಅವರ ಮನೆ. ಮನ್ಮಥಪ್ಪನವರ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಬೆಳಗಿನ ಲಿಂಗಪೂಜೆ ಮುಗಿಸಿ ಬಂದಿದ್ದರು, ಹಣೆಯ ವಿಭೂತಿ ಇನ್ನೂ ಹಸಿಯಾಗಿತ್ತು.

“ಶರಣು ಕಾಕಾ,” ಅಂದಳು.

“ಶರಣು. ಬರ್ರಿ, ಕುಂದ್ರಿ. ಐಶ್ವರ್ಯಾ, ಛಾ ತರಸು,” ಎಂದು ಹೇಳಿ ಅವರು ಗಿರಾಕಿಯೊಬ್ಬರ ಕಡೆ ತಿರುಗಿದರು. ಹಿಂದೆ ‘ನೀ’ ಅನ್ನುತ್ತಿದ್ದವರು ಈಗ ‘ಬರ್ರಿ’ ಅಂದದ್ದು ಅವಳಿಗೆ ಚುಚ್ಚಿತು.

ಸ್ಟೋರೇಜ್ ಡಬ್ಬಿ ಗೋಡೆಗೆ ಬಿಗಿದ ಕಬ್ಬಿಣದ ಹಲಗೆಯ ಮೇಲಿತ್ತು. ಅದರ ಮೇಲೆ ಕಸೂತಿ ಹಾಕಿದ ಒಂದು ಹೊದಿಕೆ. ಐಶ್ವರ್ಯಾ ಅದನ್ನು ಎತ್ತಿ ತೋರಿಸಿದಳು. ಇಪ್ಪತ್ತಾರು ಇಪ್ಪತ್ತೇಳರ ಚುರುಕಾದ ಹೆಣ್ಣುಮಗಳು. ಪ್ರೆಸ್ಸಿನ ಡಿಸೈನಿನ ಕೆಲಸವೆಲ್ಲ ಈಗ ಅವಳದೇ.

“ಈ ಹೊದಿಕಿ ಯಾರು ಹಾಕಿದ್ದು?”

“ಅತ್ತಿ ಹೊಲ್ದು ಹಾಕ್ಯಾರ. ಧೂಳು ಕೂಡಬಾರದಂತ.”

ಡಬ್ಬಿಯಲ್ಲಿ ಎರಡು ಡಿಸ್ಕುಗಳು. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ಬರೆಯಲ್ಪಡುತ್ತದೆ, ಒಂದು ಕೆಟ್ಟರೆ ಇನ್ನೊಂದು ಉಳಿಯಲಿ ಎಂದು. ಈಗ ಎರಡರ ದೀಪವೂ ಕೆಂಪು. ಸಿದ್ದೇಶ್ವರಿ ಡಬ್ಬಿ ತನ್ನಷ್ಟಕ್ಕೆ ಬರೆದಿಟ್ಟುಕೊಳ್ಳುವ ದಿನಚರಿ ತೆರೆದು ಓದಿದಳು. ಮೊದಲನೆಯ ಡಿಸ್ಕು ನವೆಂಬರಿನಲ್ಲೇ ಕೈಕೊಟ್ಟಿತ್ತು. ಬೀಪ್ ಸದ್ದು ಆಗ ಬಂದಿರಲಿಲ್ಲ, ಬರೀ ದೀಪ ಕೆಂಪಾಗಿತ್ತು. ಹೊದಿಕೆಯ ಕೆಳಗಿನ ದೀಪವನ್ನು ಯಾರೂ ನೋಡಿರಲಿಲ್ಲ. ಐದು ತಿಂಗಳು ಎರಡನೆಯದು ಒಂದೇ ದುಡಿದು, ನಿನ್ನೆ ಅದೂ ಸೋತಿತ್ತು. ನಿನ್ನೆ ಆ ರೀಬಿಲ್ಡ್ ಗುಂಡಿ ಒತ್ತಿದ್ದರೆ, ನವೆಂಬರಿಗೆ ನಿಂತುಹೋದ ಮೊದಲನೆಯ ಡಿಸ್ಕಿನಿಂದ ಎರಡನೆಯದರ ಮೇಲೆ ಬರೆದುಕೊಂಡು ಹೋಗುವ ಸಾಧ್ಯತೆ ಇತ್ತು.

ಅವಳು ದಿನಚರಿ ಮುಚ್ಚಿದಳು. ಡಬ್ಬಿಯ ಪಕ್ಕ ಹಲಗೆಯ ಮೇಲೆ ಇಟ್ಟಿದ್ದ ಛಾದ ಲೋಟಕ್ಕೆ ಕೈ ಹಾಕುವಾಗ ಛಾದ ಮೇಲೆ ಸಣ್ಣ ಸಣ್ಣ ಉಂಗುರಗಳು ಎದ್ದದ್ದು ಕಂಡಿತು. ಮತ್ತೆ ಎದ್ದವು. ಅವಳು ಲೋಟ ಮುಟ್ಟದೆ ನೋಡುತ್ತ ನಿಂತಳು. ಗೋಡೆಯ ಆಚೆ ಬಕ್ಕಪ್ಪ ಕಾಗದ ಕತ್ತರಿಸುತ್ತಿದ್ದ. ಅಲಗು ಧಪ್ಪೆಂದು ಬಿದ್ದಾಗಲೊಮ್ಮೆ ಛಾ ನಡುಗುತ್ತಿತ್ತು. ಯಂತ್ರವೂ ಹಲಗೆಯೂ ಒಂದೇ ಗೋಡೆಗೆ ಅಂಟಿಕೊಂಡಿದ್ದವು. ಒಳಗೆ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಡಿಸ್ಕು, ಹೊರಗೆ ದಿನಕ್ಕೆ ನೂರಾರು ಪೆಟ್ಟು, ಮೇಲೆ ಈ ಸೆಕೆಯಲ್ಲೂ ಹೊದಿಕೆ. ಎರಡು ವರ್ಷ ಬಾಳಿದ್ದೇ ಹೆಚ್ಚು.

“ಬಕ್ಕಪ್ಪಣ್ಣಾ, ಇವತ್ತೊಂದಿನ ಮಷೀನ್ ಬಂದ್ ಮಾಡ್ತೀರೇನ್ರಿ?”

“ಎಂಟನೂರು ಪತ್ರಿಕಿ ಕಟಿಂಗ್ ಬಾಕಿ ಅದಾವ್ರಿ,” ಅಂದ ಬಕ್ಕಪ್ಪ. ಐವತ್ತು ದಾಟಿದ ಮನುಷ್ಯ, ಪ್ರೆಸ್ಸು ಶುರುವಾದಂದಿನಿಂದ ಅಲ್ಲೇ ಇದ್ದವನು.

“ಬಂದ್ ಮಾಡು,” ಎಂದರು ಮನ್ಮಥಪ್ಪನವರು ತಲೆ ಎತ್ತದೆ.

ಸಿದ್ದೇಶ್ವರಿ ಡಬ್ಬಿಯನ್ನು ಬಂದ್ ಮಾಡಿ ಎರಡೂ ಡಿಸ್ಕನ್ನು ಹೊರಗೆ ತೆಗೆದಳು. ಒಂದಕ್ಕೆ ‘ನವೆಂಬರ್’ ಎಂದೂ ಇನ್ನೊಂದಕ್ಕೆ ‘ನಿನ್ನೆ’ ಎಂದೂ ಚೀಟಿ ಬರೆದು ಅಂಟಿಸಿದಳು. ‘ನಿನ್ನೆ’ಯನ್ನು ಡಾಕಿಗೆ ಸಿಕ್ಕಿಸಿ ಚಾಲೂ ಮಾಡಿದಳು. ಅದು ಕಟಕಟ ಎಂದು ಸದ್ದು ಮಾಡಿ ನಿಂತಿತು. ಇನ್ನೊಮ್ಮೆ ಮಾಡಿದಳು, ಮತ್ತೆ ನಿಂತಿತು. ಮೂರನೆಯ ಸಲಕ್ಕೆ ತಿರುಗಿತು. ಆ ಡಿಸ್ಕಿನಲ್ಲಿದ್ದುದನ್ನು ಹೊಸ ಡಿಸ್ಕಿಗೆ ಚೂರು ಚೂರಾಗಿ ಇಳಿಸಿಕೊಳ್ಳುವುದು ಕೆಲಸ. ಎಲ್ಲಿ ಓದಲಾಗುವುದಿಲ್ಲವೋ ಆ ಜಾಗ ಬಿಟ್ಟು ಮುಂದೆ ಹೋಗಿ, ಕೊನೆಗೆ ಮತ್ತೆ ಬಂದು ಪ್ರಯತ್ನಿಸುವುದು. ಅಸಲು ಯಾವುದು, ನಕಲು ಯಾವುದು ಎಂದು ಪರದೆಯಲ್ಲಿ ಕೇಳಿತು. ಅವಳು ಎರಡು ಸಲ ಓದಿದಳು. ಡಿಸ್ಕಿನ ಮೈಮೇಲಿನ ನಂಬರು ನೋಡಿ ಪರದೆಯ ನಂಬರಿಗೆ ಹೋಲಿಸಿದಳು. ಆಮೇಲೆ ಐಶ್ವರ್ಯಾಳನ್ನು ಕರೆದು, “ಈ ನಂಬರ್ ಜೋರಾಗಿ ಓದು ತಂಗಿ,” ಅಂದಳು. ಅವಳು ಓದಿದಳು. ಸರಿ ಇತ್ತು. ಸಿದ್ದೇಶ್ವರಿ ಗುಂಡಿ ಒತ್ತಿದಳು. ಹನ್ನೊಂದು ಗಂಟೆಯಾಗಿತ್ತು.

ಊಟಕ್ಕೆ ಮನೆಗೆ ಕರೆದರು. ಮನ್ಮಥಪ್ಪನವರ ಹೆಂಡತಿ ಲಲಿತಾಬಾಯಿ ಬಿಸಿ ರೊಟ್ಟಿ, ಹೆಸರುಬೇಳೆ ಪಲ್ಯ, ಕೆಂಪು ಮೆಣಸಿನಕಾಯಿಯ ಹಿಂಡಿ ಬಡಿಸಿದರು. “ಉಣ್ಣವ್ವಾ, ಮೊದಲಿಗಿಂತ ಸೊರಗೀದಿ,” ಎಂದು ತಟ್ಟೆಗೆ ಮತ್ತೊಂದು ರೊಟ್ಟಿ ಹಾಕಿದರು. ಮನ್ಮಥಪ್ಪನವರು ಮಜ್ಜಿಗೆ ಕುಡಿದು ಬೇಗ ಎದ್ದರು. ಹಳೆಯ ಮಾತು ಯಾರೂ ತೆಗೆಯಲಿಲ್ಲ.

ವಾಪಸು ಬಂದಾಗ ಪ್ರೆಸ್ಸಿನ ಬೆಂಚಿನ ಮೇಲೆ ಅಬ್ದುಲ ಅಜೀಜ ಕೂತಿದ್ದರು. ಎಪ್ಪತ್ತು ದಾಟಿದ ಮುದುಕರು. ಉರ್ದು ಪತ್ರಿಕೆಗಳನ್ನು ಕೈಯಿಂದ ಬರೆಯುತ್ತಿದ್ದವರು ಅವರೇ. ಉರ್ದುವಿಗೂ ಕಂಪ್ಯೂಟರಿನ ಅಕ್ಷರಗಳು ಬಂದು ಎಷ್ಟೋ ವರ್ಷವಾಗಿದ್ದರೂ, ಸುತ್ತಲಿನ ಮನೆತನಗಳು ಮದುವೆ ಎಂದರೆ ಅಜೀಜ ಚಾಚಾನ ಅಕ್ಷರವೇ ಬೇಕು ಅನ್ನುತ್ತಿದ್ದವು. ಮೂರು ವರ್ಷದಿಂದ ಅವರ ಬಲಗೈ ನಡುಗಲು ಶುರುವಾಗಿ ಬರೆಯುವುದು ನಿಂತಿತ್ತು. ಅವರು ಬರೆದ ಕಾಗದಗಳ ಕಟ್ಟನ್ನು ಗೋದಾಮಿನಲ್ಲಿ ಗೆದ್ದಲು ತಿಂದಿತ್ತು. ಉಳಿದದ್ದು ಸ್ಕ್ಯಾನ್ ಮಾಡಿ ಡಬ್ಬಿಗೆ ಹಾಕಿದ ಪ್ರತಿಗಳು ಮಾತ್ರ. ಐಶ್ವರ್ಯಾ ಅವುಗಳಿಂದ ಒಂದೊಂದೇ ಪದ ಬಿಡಿಸಿ ತೆಗೆದು ಹೊಸ ಪತ್ರಿಕೆ ಜೋಡಿಸುತ್ತಿದ್ದಳು. ಚಾಚಾ ಪಕ್ಕದಲ್ಲಿ ಕೂತು, “ಆ ನುಕ್ತಾ ಜರಾ ಮ್ಯಾಲ ಸರಸು ಬೇಟಿ,” ಎಂದು ಚುಕ್ಕಿಯ ಜಾಗ ತಿದ್ದುತ್ತಿದ್ದರು. ಐದು ತಿಂಗಳಿಂದ ಇಬ್ಬರೂ ಅದನ್ನೇ ಮಾಡಿದ್ದರು. ನವೆಂಬರಿನ ಡಿಸ್ಕಿನಲ್ಲಿ ಅದು ಯಾವುದೂ ಇರಲಿಲ್ಲ.

ಎರಡೂ ಇಪ್ಪತ್ತಕ್ಕೆ ಕರೆಂಟು ಹೋಯಿತು. ಯುಪಿಎಸ್ಸು ಕುಂಯ್ಗುಟ್ಟತೊಡಗಿತು. ಕೆಲಸ ನೂರಕ್ಕೆ ಅರವತ್ತೊಂದು ಆಗಿತ್ತು.

“ಎಷ್ಟೊತ್ತು ತಡೀತದ?” ಎಂದು ಮನ್ಮಥಪ್ಪನವರು ಕೇಳಿದರು.

“ಹದಿನೈದು ಮಿನೀಟ್ ಕಾಕಾ. ಕರೆಂಟ್ ಯಾವಾಗ ಬರ್ತದ?”

“ಲೈನಿನ ಕೆಲಸ ನಡದದ. ಐದಕ್ಕ ಬಂದ್ರ ಬಂತು.”

“ಈ ಡಿಸ್ಕ್ ಒಮ್ಮಿ ನಿಂತ್ರ ಮತ್ತ ತಿರಗ್ತದ ಅಂತ ನಾ ಹೇಳಲಾರೆ.”

ಅವರು ಒಂದು ಕ್ಷಣ ಅವಳ ಮುಖ ನೋಡಿದರು. ಆಮೇಲೆ ಪಂಚೆ ಎತ್ತಿ ಕಟ್ಟಿ, “ಬಕ್ಕಪ್ಪಾ, ಗಾಡಿ ತಗೊಂಡ್ ಬಾ,” ಎಂದು ಹಿಂದಿನ ಬಾಗಿಲಿಂದ ಓಡಿದರು. ಮನೆಯ ಇನ್ವರ್ಟರನ್ನೂ ಅದರ ದೊಡ್ಡ ಬ್ಯಾಟರಿಯನ್ನೂ ಬಿಚ್ಚಿ, ಕಾಗದದ ರೀಮು ಸಾಗಿಸುವ ಕೈಗಾಡಿಯ ಮೇಲೆ ಇಟ್ಟು ಇಬ್ಬರೂ ಓಣಿಯಲ್ಲಿ ತಳ್ಳಿಕೊಂಡು ಬಂದರು. ಹೊಸ್ತಿಲಲ್ಲಿ ಗಾಡಿಯ ಚಕ್ರ ಸಿಕ್ಕಿಕೊಂಡಾಗ ಅಜೀಜ ಚಾಚಾ ಎಡಗೈ ಕೊಟ್ಟು ಎತ್ತಿದರು. ಸಿದ್ದೇಶ್ವರಿ ತಂತಿ ಜೋಡಿಸಿ, ಯುಪಿಎಸ್ಸಿನ ಪ್ಲಗ್ಗನ್ನು ಇನ್ವರ್ಟರಿಗೆ ಹಾಕಿದಾಗ ಅದರ ಕುಂಯ್ಗುಟ್ಟುವಿಕೆ ನಿಂತಿತು. ಡಿಸ್ಕು ತಿರುಗುತ್ತಲೇ ಇತ್ತು. ಮನ್ಮಥಪ್ಪನವರು ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡು ನೆಲದ ಮೇಲೆಯೇ ಕೂತುಬಿಟ್ಟರು.

ಓಣಿಯಾಚೆಯಿಂದ ಲಲಿತಾಬಾಯಿಯ ದನಿ ಕೇಳಿಸಿತು. “ಇಷ್ಟು ಸೆಕಿಯಾಗ ಫ್ಯಾನೂ ಬಂದ್ ಮಾಡಿ ಹೋದ್ರಲ್ಲ! ನಾ ಏನು ಮಾಡ್ಲಿ?”

“ಬೀಸಣಿಕಿ ತಗೊಂಡ್ ಇಲ್ಲೇ ಬಾ,” ಎಂದು ಮನ್ಮಥಪ್ಪನವರು ಕೂಗಿದರು. ಲಲಿತಾಬಾಯಿ ನಿಜಕ್ಕೂ ಬೀಸಣಿಕೆ ಹಿಡಿದು ಬಂದು ಬೆಂಚಿನ ಮೇಲೆ ಕೂತರು. ಸಣ್ಣ ಫ್ಯಾನು ಡಿಸ್ಕಿಗೆ ಗಾಳಿ ಹಾಕುತ್ತಿತ್ತು, ಲಲಿತಾಬಾಯಿ ಉಳಿದವರಿಗೆ.

ಕಾಯುವುದು ಬಿಟ್ಟು ಬೇರೆ ಕೆಲಸ ಇರಲಿಲ್ಲ. ಮಾತಿಗೆ ಮಾತು ಬಂದು ಅಜೀಜ ಚಾಚಾ ಅಂದರು, “ಹೋದ ಸಲ ಸಿಡಿಲು ಬಡದು ಎಲ್ಲಾ ಹೋಗಿತ್ತು. ಎರಡು ವರ್ಷ ಕುಂತು ಮತ್ತ ಬರದೆ. ಈ ಸಲ ಬರೀಲಿಕ್ಕಿ ಕೈ ಎಲ್ಲದ?”

ಸಿದ್ದೇಶ್ವರಿಗೆ ಮೊದಲು ಅರ್ಥವಾಗಲಿಲ್ಲ. “ಯಾವ ಸಿಡಿಲು ಚಾಚಾ?”

“ಅದೇ, ಏಳು ವರ್ಷದ ಹಿಂದ. ಹಳೆ ಕಂಪ್ಯೂಟರಿಗಿ ಬಡದಿತ್ತಲ್ಲ. ಮನ್ಮಥಪ್ಪ ಹೇಳಿದ್ರು.”

ಅವಳು ಮನ್ಮಥಪ್ಪನವರ ಕಡೆ ತಿರುಗಿದಳು. ಅವರು ನೆಲದ ಫರಸಿ ಕಲ್ಲನ್ನು ನೋಡುತ್ತಿದ್ದರು. ಹಾಗಾದರೆ ಈ ಏಳು ವರ್ಷ ಊರಿನಲ್ಲಿ ಯಾರಿಗೂ ಅವಳ ಹೆಸರು ಹೇಳಿರಲಿಲ್ಲ. ಗಿರಾಕಿಗಳಿಗೆ, ಮನೆಯವರಿಗೆ, ಎರಡು ವರ್ಷ ಬೆನ್ನು ಬಗ್ಗಿಸಿ ಮತ್ತೆ ಬರೆದ ಈ ಮುದುಕರಿಗೂ. ಔರಾದದಲ್ಲಿ ಅವಳಿಗೆ ಗಿರಾಕಿಗಳು ಸಿಗುತ್ತಲೇ ಹೋದದ್ದು ಯಾಕೆ ಎಂದು ಅವಳಿಗೆ ಈಗ ಹೊಳೆಯಿತು. ಸುಮ್ಮನಿದ್ದುಬಿಡಬಹುದಿತ್ತು. ಆದರೆ ಚಾಚಾನ ಕೈ ಮಂಡಿಯ ಮೇಲೆ ನಡುಗುತ್ತಿದ್ದುದನ್ನು ಎದುರಿಗಿಟ್ಟುಕೊಂಡು ಅವಳಿಗೆ ಸುಮ್ಮನಿರಲಾಗಲಿಲ್ಲ.

“ಸಿಡಿಲಲ್ಲ ಚಾಚಾ,” ಅಂದಳು. “ನಾ ಅಳಸಿದ್ದು. ಡಿಸ್ಕ್ ಉಲ್ಟಾ ಕಾಪಿ ಮಾಡ್ದೆ. ನಿಮ್ಮ ಬರಹ ಎಲ್ಲಾ ನನ್ನ ಕೈಯಿಂದ ಹೋಯ್ತು. ನಿಮಗ ಮಾಫಿ ಕೇಳ್ಬೇಕಿತ್ತು. ಕೇಳಲಿಲ್ಲ.”

ಲಲಿತಾಬಾಯಿಯ ಬೀಸಣಿಕೆ ನಿಂತಿತು. ಐಶ್ವರ್ಯಾ ಮಾವನ ಮುಖ ನೋಡಿದಳು.

ಅಜೀಜ ಚಾಚಾ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. “ನಂಗ ಗೊತ್ತಿತ್ತು ಬೇಟಿ,” ಅಂದರು.

“ಹ್ಯಾಂಗ?”

“ಅದು ಜನವರಿ ತಿಂಗಳು. ಸಂಕ್ರಾಂತಿ ಎಳ್ಳು ಕೊಟ್ಟು ನಾಕು ದಿನ ಆಗಿತ್ತು. ಆಕಾಶದಾಗ ಒಂದು ಮೋಡ ಇದ್ದಿಲ್ಲ. ಸಿಡಿಲು ಎಲ್ಲಿಂದ ಬರ್ತದ?” ಅವರು ನಕ್ಕರು. “ಯಾರನ್ನೋ ಉಳಸ್ಲಿಕತ್ಯಾರ ಅಂತ ತಿಳೀತು. ಯಾರಂತ ನಾ ಕೇಳಲಿಲ್ಲ. ಒಳ್ಳೆ ಮನಶ್ಯಾ ಮೊದಲನೇ ಸಲ ಸುಳ್ಳು ಹೇಳ್ಲಿಕತ್ಯಾನ, ಯಾಕ ಕೆಡಸಬೇಕು?”

ಬಕ್ಕಪ್ಪ ಬಾಗಿಲ ಹತ್ತಿರ ನಿಂತು ಖೊಕ್ಕೆಂದು ನಕ್ಕ. ಲಲಿತಾಬಾಯಿ, “ನನಗೂ ಸಿಡಿಲು ಅಂತೇ ಹೇಳಿದ್ರಿ!” ಎಂದು ಬೀಸಣಿಕೆಯಿಂದ ಗಂಡನ ಹೆಗಲಿಗೆ ಒಂದು ಏಟು ಕೊಟ್ಟರು.

“ಮತ್ತ ಯಾಕ ನನ್ನ ಕರೀಲಿಲ್ಲ ಕಾಕಾ?” ಸಿದ್ದೇಶ್ವರಿ ಕೇಳಿದಳು. “ನಿಮಗ ಸಿಟ್ಟು ಬಂದದ ಅಂತ ನಾ ಈ ಬೀದಿಗೇ ಬರ್ತಿರ್ಲಿಲ್ಲ.”

“ಸಿಟ್ಟು ಒಂದು ವಾರ ಇತ್ತು,” ಎಂದರು ಮನ್ಮಥಪ್ಪನವರು. “ಆಮ್ಯಾಲ ಹೆದರಿಕಿ. ನೀ ಬಂದ್ರ ಹಿಂಗೇ ಚಾಚಾನ ಮುಂದ ಖರೇ ಹೇಳ್ಬಿಡ್ತಿ ಅಂತ ನಂಗ ಗೊತ್ತಿತ್ತು. ದಿನಾ ಲಿಂಗ ಅಂಗೈಮ್ಯಾಲ ಇಟಗೊಂಡು ಕೂಡಾಂವ ನಾನು. ನನ್ನ ಸುಳ್ಳು ಹೊರಗ ಬೀಳ್ತಿತ್ತಲ್ಲವ್ವಾ.” ಮುಖ ಎತ್ತಿ, “ಈ ಸಲ ಬಿದ್ರ ಬೀಳ್ಲಿ ಅಂತ ಕರದೆ. ತಪ್ಪಾದ ದಿನ ತಪ್ಪಾಗ್ಯಾದ ಅಂದಾಕಿ ನೀ ಒಬ್ಬಾಕಿ. ಡಬ್ಬಿ ಮಾರಿದವ್ರು ಬರೀ ಬಟನ್ ಒತ್ತು ಅಂದ್ರು,” ಅಂದರು.

‘ನೀ’ ಅಂದಿದ್ದರು. ಅವಳು ಪರದೆಯ ಕಡೆ ತಿರುಗಿ ಕಣ್ಣೊರೆಸಿಕೊಂಡಳು.

ಐದೂ ನಲವತ್ತಕ್ಕೆ ನಕಲು ಮುಗಿಯಿತು. ಓದಲಾಗದ ಜಾಗಗಳು ಕೆಲವು ಉಳಿದಿದ್ದವು. ಹೊಸ ಡಿಸ್ಕನ್ನು ತೆರೆದು ಐಶ್ವರ್ಯಾ ಒಂದೊಂದೇ ಫೋಲ್ಡರ್ ನೋಡುತ್ತ ಹೋದಳು. ಮಾರ್ಚಿನದು ಇತ್ತು. ಮೊನ್ನೆಯದೂ ಇತ್ತು. ಒಟ್ಟಿನಲ್ಲಿ ಹನ್ನೊಂದು ಫೈಲು ಹಾಳಾಗಿದ್ದವು. ಹತ್ತು ಹಳೆಯ ದೀಪಾವಳಿ ಜಾಹೀರಾತುಗಳು. ಹನ್ನೊಂದನೆಯದು ಉರ್ದು ಹಾಳೆ. ಹೆಸರು ಓದಿ ಹೇಳಿದಾಗ ಅಜೀಜ ಚಾಚಾ ಕೈ ಬೀಸಿದರು.

“ಅದು ಹೋಗ್ಲಿ. ಅದರಾಗ ವರನ ಅಪ್ಪನ ಹೆಸರು ತಪ್ಪು ಬರ್ದಿದ್ದೆ.”

ಅಷ್ಟರಲ್ಲಿ ಕರೆಂಟೂ ಬಂತು. ಬಕ್ಕಪ್ಪ ಇನ್ವರ್ಟರನ್ನು ಗಾಡಿಯ ಮೇಲೆ ಹೇರಿಕೊಂಡು ಲಲಿತಾಬಾಯಿಯ ಹಿಂದೆ ಮನೆಗೆ ಹೋದ. ಸಿದ್ದೇಶ್ವರಿ ಡಬ್ಬಿಗೆ ಹೊಸ ಡಿಸ್ಕುಗಳನ್ನು ಹಾಕಿ, ಅದನ್ನು ಕತ್ತರಿ ಯಂತ್ರದ ಗೋಡೆಯಿಂದ ತೆಗೆದು ಒಳಕೋಣೆಯ ಕಲ್ಲುಗೋಡೆಯ ಗೂಡಿನಲ್ಲಿ ಇಟ್ಟಳು. ತಂತಿಯನ್ನು ಬಾಗಿಲ ಮೇಲಿಂದ ಎಳೆದಳು. ಡಿಸ್ಕಿಗೆ ಏನಾದರೂ ಆದರೆ ಐಶ್ವರ್ಯಾಳ ಫೋನಿಗೂ ತನ್ನ ಫೋನಿಗೂ ಸಂದೇಶ ಬರುವ ಹಾಗೆ ಮಾಡಿದಳು. ಹೊದಿಕೆಯನ್ನು ಏನು ಮಾಡುವುದು ಎಂದು ಐಶ್ವರ್ಯಾ ಕೇಳಿದಾಗ, “ಪ್ರಿಂಟರಿಗಿ ಹಾಕು, ಅದಕ್ಕ ಧೂಳು ಆಗಂಗಿಲ್ಲ,” ಅಂದಳು.

“ಎಲ್ಲಾ ಇಲ್ಲೇ ಅದ,” ಎಂದರು ಮನ್ಮಥಪ್ಪನವರು ಗೂಡನ್ನು ನೋಡುತ್ತ. “ನಾಳಿ ಬೆಂಕಿನೇ ಬಿತ್ತಪಾ, ಆವಾಗ?”

“ಇನ್ನೊಂದು ಪ್ರತಿ ಬ್ಯಾರೆ ಊರಾಗ ಇರ್ಬೇಕು ಕಾಕಾ. ಬೀದರದಾಗ ನಿಮ್ಮವ್ರು ಯಾರರೆ ಇದ್ರ, ಅಲ್ಲಿ ಒಂದು ಸಣ್ಣ ಡಬ್ಬಿ ಇಡಬಹುದು. ದಿನಾ ಸಂಜಿಮುಂದ ಇಲ್ಲಿದ್ದು ಇಂಟರ್ನೆಟ್ಟಿನ ಮ್ಯಾಲ ಅಲ್ಲಿಗಿ ಹೋಗ್ತದ.”

“ಭಾಲ್ಕಿಗಿ ಹೋಗಂಗಿಲ್ಲೇನು?”

“ಹೋಗ್ತದ. ಭಾಲ್ಕಿದಾಗ ಯಾರದಾರ ನಿಮ್ಮವ್ರು?”

“ನೀ ಇಲ್ಲೇನು?” ಎಂದು ಕೇಳಿ ಅವರು ದೀಪ ಹಚ್ಚಲು ಹೋದರು.

ಆ ವಾರವೇ ಭಾಲ್ಕಿಯ ಮನೆಯಲ್ಲಿ, ಸತೀಶಕುಮಾರನ ಪುಸ್ತಕದ ಕಪಾಟಿನ ಕೆಳಗಿನ ಖಾನೆಯಲ್ಲಿ ಒಂದು ಸಣ್ಣ ಡಬ್ಬಿ ಬಂದು ಕೂತಿತು. ಔರಾದದ ಲೈನು ನಿಧಾನ. ಮೊದಲ ಸಲ ಎಲ್ಲ ದಾಟಿ ಬರಲು ಒಂಬತ್ತು ದಿನ ಬೇಕಾದವು. ಪ್ರತಿ ಸಂಜೆ ಪ್ರೆಸ್ಸು ಮುಚ್ಚುವ ಹೊತ್ತಿಗೆ ಮನ್ಮಥಪ್ಪನವರ ಫೋನು ಬರುತ್ತಿತ್ತು.

“ಇವತ್ತ ಎಷ್ಟು ಬಂತವ್ವಾ?”

“ಅರ್ಧ ಆಯ್ತು ಕಾಕಾ.”

“ಚಾಚಾಂದು ಬಂತೇನು?”

“ಚಾಚಾಂದು ಮೊದಲ ದಿನಾನೇ ಕಳಿಸೀನಿ.”

ಒಂಬತ್ತನೆಯ ದಿನ ಎಲ್ಲ ಮುಗಿಯಿತೆಂದು ಅವಳೇ ಕರೆ ಮಾಡಿ ತಿಳಿಸಿದಳು. ಅವರು, “ಛಲೋ ಆಯ್ತು, ಛಲೋ ಆಯ್ತು,” ಎಂದು ಎರಡು ಸಲ ಅಂದು ಫೋನು ಇಟ್ಟರು.

ಹತ್ತನೆಯ ದಿನ ಸಂಜೆ, ಸಿದ್ದೇಶ್ವರಿ ಅಡುಗೆಮನೆಯಲ್ಲಿ ಇದ್ದಾಗ ಮತ್ತೆ ಫೋನು ಬಂತು.

“ಇವತ್ತ ಎಷ್ಟು ಬಂತವ್ವಾ?”

“ನಿನ್ನೇ ಮುಗದದ ಅಂತ ಹೇಳಿದ್ನಲ್ಲ ಕಾಕಾ.”

“ಹೌದಲ್ಲ,” ಎಂದರು ಅವರು. ಫೋನು ಇಡಲಿಲ್ಲ. ಆ ಕಡೆ ಯಾರೋ ಷಟರ್ ಎಳೆಯುತ್ತಿದ್ದ ಸದ್ದು ಕೇಳಿಸಿತು. “ಮತ್ತ, ಅಡಗಿ ಏನು ಮಾಡೀದಿ?”

ಅವಳು ಒಲೆಯ ಉರಿ ಸಣ್ಣಗೆ ಮಾಡಿ, ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಇಟ್ಟುಕೊಂಡು, ಹೇಳತೊಡಗಿದಳು.